ಬಾಲಮನಸ್ಸಿನ ಮಾಪಕ ಆಲ್ಫ್ರೆಡ್ ಬಿನೆ

ನಮ್ಮ ಕಾಲೇಜಿನಲ್ಲಿ ಮನಶ್ಶಾಸ್ತ್ರವನ್ನು ಓದುವವರಿಗೆಲ್ಲ ಆಲ್ಫ್ರೆಡ್ ಬಿನೆಯ ಹೆಸರು ಪರಿಚಿತವೇ. ಪರೀಕ್ಷೆಯ ಹಿಂದಿನ ರಾತ್ರಿ ಬುದ್ಧಿಮಾಪನ, ಮಾನಸಿಕ ವಯಸ್ಸು, 1905 ಎಂದು ಬಾಯಿಪಾಠ ಮಾಡಿ, ಐದು ಅಂಕಗಳಿಗೆ ಒಪ್ಪಿಸಿ, ಮರುದಿನ ಮರೆತುಬಿಡುವ ಹೆಸರು ಅದು. ನಾನೂ ಹಾಗೆಯೇ ಮಾಡಿದ್ದೆ. ಆದರೆ ಕಳೆದ ಬೇಸಗೆಯ ರಜೆಯಲ್ಲಿ ಬಳ್ಳಾರಿಯ ಕೌಲ್ ಬಜಾರಿನಲ್ಲಿಯೂ, ಸಿರುಗುಪ್ಪದಲ್ಲಿಯೂ, ಕುರುಗೋಡಿನಲ್ಲಿಯೂ ತಾಯಂದಿರ ಎದುರಿಗೆ ಒಂದು ಪ್ರಶ್ನಾವಳಿಯನ್ನು ಹಿಡಿದು ಕುಳಿತ ಮೇಲೆ, ಆ ಮನುಷ್ಯನ ಜೀವನವನ್ನು ಮೊದಲಿನಿಂದ ಓದಬೇಕೆನ್ನಿಸಿತು. ಓದಿ ತಿಳಿದುದನ್ನು ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಸಂಗತಿ ಇಷ್ಟೆ. ನಮ್ಮ ಅಧ್ಯಾಪಕರೊಬ್ಬರು ನಾಲ್ವರು ವಿದ್ಯಾರ್ಥಿಗಳಿಗೆ ಅಭ್ಯಾಸಕ್ಕೆಂದು ಒಂದು ಕೆಲಸವನ್ನು ಕೊಟ್ಟರು. ಐದು ವರ್ಷದೊಳಗಿನ ಮಕ್ಕಳ ಬೆಳವಣಿಗೆಯನ್ನು ಕುರಿತು ತಂದೆತಾಯಿಗಳನ್ನು ಕೇಳುವ ಇಂಗ್ಲಿಷ್ ಪ್ರಶ್ನೆಗಳನ್ನು ಕನ್ನಡಕ್ಕೆ ತರುವುದು. ಹಾಗೆ ತಂದ ಕನ್ನಡವು ತಾಯಂದಿರಿಗೆ ತಿಳಿಯುವುದೇ ಎಂದು ಮನೆಮನೆಗೆ ಹೋಗಿ ನೋಡುವುದು. ಮಕ್ಕಳನ್ನು ಪರೀಕ್ಷಿಸುವುದು ನಮ್ಮ ಕೆಲಸವಾಗಿರಲಿಲ್ಲ. ನಮ್ಮ ಭಾಷೆಯನ್ನು ಪರೀಕ್ಷಿಸಿಕೊಳ್ಳುವುದಷ್ಟೇ ಆಗಿತ್ತು. ಈ ಕೆಲಸಕ್ಕೆ ನಾನೇ ಮುಂದಾಗಿ ಹೆಸರು ಕೊಟ್ಟುದಕ್ಕೆ ನನ್ನ ಮನೆಯದೇ ಆದ ಒಂದು ಕಾರಣವಿತ್ತು. ಅದನ್ನು ಮುಂದೆ ಹೇಳುತ್ತೇನೆ. ಮೊದಲು ಬಿನೆಯ ಕಥೆ.

ಆಲ್ಫ್ರೆಡ್ ಬಿನೆ 1857ರ ಜುಲೈ ತಿಂಗಳಲ್ಲಿ ನೀಸ್ ನಗರದಲ್ಲಿ ಜನಿಸಿದನು. ತಂದೆ ವೈದ್ಯ, ತಾಯಿ ಚಿತ್ರಕಲಾವಿದೆ. ಅವರಿಬ್ಬರೂ ಬೇರೆಯಾದ್ದರಿಂದ ಹುಡುಗನು ತಾಯಿಯ ಆಸರೆಯಲ್ಲಿ ಬೆಳೆದನು. ಮುಂದೆ ಪ್ಯಾರಿಸ್ಸಿಗೆ ಬಂದು ಅಲ್ಲಿನ ಹೆಸರಾಂತ ಶಾಲೆಯೊಂದರಲ್ಲಿ ಓದಿ, 1878ರಲ್ಲಿ ಕಾನೂನಿನ ಪದವಿಯನ್ನು ಪಡೆದನು. ವಕೀಲಿ ವೃತ್ತಿಯು ಹಿಡಿಸಲಿಲ್ಲ. ವೈದ್ಯಕೀಯಕ್ಕೆ ಕೈಹಾಕಿ ಅದನ್ನೂ ಬಿಟ್ಟನು. ಇಂದು ನಮ್ಮ ಮನೆಗಳಲ್ಲಿ ಇಂಥ ಹುಡುಗನಿದ್ದರೆ ಹಿರಿಯರು ಏನೆನ್ನುತ್ತಿದ್ದರೆಂದು ಬೇರೆ ಹೇಳಬೇಕಾಗಿಲ್ಲ. ಆದರೆ ಬಿನೆ ಸುಮ್ಮನೆ ಕೂರಲಿಲ್ಲ. ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಕುಳಿತು, ಗುರುವಿಲ್ಲದೆ, ತರಗತಿಯಿಲ್ಲದೆ, ಮನಶ್ಶಾಸ್ತ್ರದ ಗ್ರಂಥಗಳನ್ನು ಒಂದೊಂದಾಗಿ ಓದತೊಡಗಿದನು. ಮುಂದೆ ಲೋಕಪ್ರಸಿದ್ಧನಾದ ಈ ಮನಶ್ಶಾಸ್ತ್ರಜ್ಞನು ಆ ಶಾಸ್ತ್ರವನ್ನು ಕಲಿತದ್ದು ಹೀಗೆ ವಾಚನಾಲಯದಲ್ಲಿ ಎಂಬುದು ನಮ್ಮಂಥ ವಿದ್ಯಾರ್ಥಿಗಳಿಗೆ ಸಮಾಧಾನದ ಮಾತಲ್ಲವೇ?

1883ರ ಸುಮಾರಿಗೆ ಬಿನೆ ಪ್ಯಾರಿಸ್ಸಿನ ಸಾಲ್‌ಪೆತ್ರಿಯೇರ್ ಆಸ್ಪತ್ರೆಯನ್ನು ಸೇರಿದನು. ಅಲ್ಲಿ ಶಾರ್ಕೋ ಎಂಬ ನರರೋಗತಜ್ಞನದೇ ದೊಡ್ಡ ಹೆಸರು. ಬಿನೆಯೂ ಅವನ ಗೆಳೆಯ ಫೇರೆಯೂ ಸಂಮೋಹನಕ್ಕೊಳಗಾದ ರೋಗಿಗಳ ಮೇಲೆ ಪ್ರಯೋಗಗಳನ್ನು ನಡೆಸಿ, ಅಯಸ್ಕಾಂತವನ್ನು ಹತ್ತಿರ ಹಿಡಿದರೆ ದೇಹದ ಬಲಭಾಗದ ಲಕ್ಷಣವು ಎಡಭಾಗಕ್ಕೆ ದಾಟುತ್ತದೆಂದು ಸಾರಿದರು. ಬೆಲ್ಜಿಯಂ ದೇಶದ ದೆಲ್‌ಬೆಫ್ ಎಂಬ ವಿದ್ವಾಂಸನು ತಾನೇ ಬಂದು ಈ ಪ್ರಯೋಗಗಳನ್ನು ಕಂಡನು. ಏನಾಗಬೇಕೆಂಬುದನ್ನು ರೋಗಿಯ ಎದುರಿಗೇ ಗಟ್ಟಿಯಾಗಿ ಮಾತಾಡುತ್ತಿದ್ದರು. ಅಯಸ್ಕಾಂತವನ್ನು ರೋಗಿಗೆ ಕಾಣುವಂತೆಯೇ ಹಿಡಿಯುತ್ತಿದ್ದರು. ಕೇಳುವವನ ಇಚ್ಛೆಯನ್ನು ರೋಗಿಯು ಪೂರೈಸುತ್ತಿದ್ದನೇ ಹೊರತು ಅಯಸ್ಕಾಂತದ ಮಹಿಮೆ ಏನೂ ಇರಲಿಲ್ಲ. ಬಿನೆ ಕೆಲವು ಕಾಲ ವಾದಿಸಿದನು. ಕೊನೆಗೆ ತಪ್ಪನ್ನು ಒಪ್ಪಿಕೊಂಡು ಆ ಆಸ್ಪತ್ರೆಯಿಂದ ಹೊರಬಂದನು. ತಪ್ಪು ಮಾಡದ ವಿಜ್ಞಾನಿಯಿಲ್ಲ. ಆದರೆ ಆ ತಪ್ಪನ್ನೇ ಮುಂದಿನ ಸಂಶೋಧನೆಯ ವಿಷಯವನ್ನಾಗಿ ಮಾಡಿಕೊಳ್ಳುವವರು ಅಪರೂಪ. ಬಿನೆ ಅಂಥವನು.

ಈ ನಡುವೆ 1884ರಲ್ಲಿ ಅವನಿಗೆ ಲೋರ್ ಎಂಬಾಕೆಯೊಡನೆ ಮದುವೆಯಾಯಿತು. ಆಕೆಯ ತಂದೆ ಬಾಲ್ಬಿಯಾನಿ ಭ್ರೂಣಶಾಸ್ತ್ರದ ಪಂಡಿತ. 1885ರಲ್ಲಿ ಮ್ಯಾಡಲಿನ್, 1887ರಲ್ಲಿ ಆಲೀಸ್ ಎಂಬ ಇಬ್ಬರು ಹೆಣ್ಣುಮಕ್ಕಳು ಹುಟ್ಟಿದರು. ಆಸ್ಪತ್ರೆಯಲ್ಲಿ ದೊರೆಯದ ಪಾಠವು ಅವನಿಗೆ ಮನೆಯ ಅಂಗಳದಲ್ಲಿ ದೊರೆಯಿತು. ಹಿರಿಯವಳು ನಡೆಯಲು ಕಲಿಯುವಾಗ ಒಂದು ಆಸರೆಯಿಂದ ಇನ್ನೊಂದು ಆಸರೆಗೆ ಅಳೆದು ನೋಡಿಯೇ ಹೆಜ್ಜೆಯಿಡುತ್ತಿದ್ದಳು. ಕಿರಿಯವಳು ಬಿದ್ದೇನೆಂಬ ಯೋಚನೆಯೇ ಇಲ್ಲದೆ ಕೋಣೆಯ ನಡುವಿಗೆ ನುಗ್ಗುತ್ತಿದ್ದಳು. ಇಬ್ಬರೂ ನಡೆದರು; ನಡೆದ ಬಗೆ ಮಾತ್ರ ಬೇರೆ. ಕಾಳುಗಳ ಎರಡು ಗುಂಪುಗಳನ್ನಿಟ್ಟು ಯಾವುದರಲ್ಲಿ ಹೆಚ್ಚು ಎಂದು ಕೇಳಿದರೆ, ಮಗುವು ಎಣಿಕೆಯನ್ನು ನೋಡದೆ ಹರಡಿದ ಜಾಗವನ್ನು ನೋಡುತ್ತಿತ್ತು. ಚಾಕು ಎಂದರೇನೆಂದು ಕೇಳಿದರೆ ಅದರ ರೂಪವನ್ನು ಹೇಳದೆ ಉಪಯೋಗವನ್ನು ಹೇಳುತ್ತಿತ್ತು. ಇದನ್ನೆಲ್ಲ ಬಿನೆ 1890ರಲ್ಲಿ ಮೂರು ಲೇಖನಗಳಾಗಿ ಪ್ರಕಟಿಸಿದನು. ಶಾಸ್ತ್ರಕ್ಕೆ ಬೇಕಾದ ಸಾಕ್ಷಿಯು ತಂದೆತಾಯಿಗಳ ಕಣ್ಣೆದುರಿನಲ್ಲಿಯೇ ದಿನವೂ ನಡೆಯುತ್ತಿರುತ್ತದೆ ಎಂಬುದು ಆ ಲೇಖನಗಳಿಂದ ತಿಳಿಯುವ ಮೊದಲ ಮಾತು.

1891ರಲ್ಲಿ ರೈಲು ನಿಲ್ದಾಣವೊಂದರಲ್ಲಿ ಬೋನಿ ಎಂಬ ಪ್ರಾಧ್ಯಾಪಕನ ಭೇಟಿಯಾಗಿ, ಬಿನೆ ಸಾರ್ಬಾನ್ ವಿದ್ಯಾಪೀಠದ ಪ್ರಯೋಗಶಾಲೆಯನ್ನು ಸಂಬಳವಿಲ್ಲದೆ ಸೇರಿದನು. ಕೆಲವೇ ವರ್ಷಗಳಲ್ಲಿ ಅದರ ನಿರ್ದೇಶಕನೂ ಆದನು. ಫ್ರಾನ್ಸಿನ ಮೊದಲ ಮನಶ್ಶಾಸ್ತ್ರ ವಾರ್ಷಿಕ ಪತ್ರಿಕೆಯು ಅವನ ಸಂಪಾದಕತ್ವದಲ್ಲಿಯೇ ಹೊರಟಿತು. ಆದರೂ ಅವನು ಬಯಸಿದ ಪ್ರಾಧ್ಯಾಪಕ ಪೀಠವು ಪ್ಯಾರಿಸ್ಸಿನಲ್ಲಿ ಅವನಿಗೆ ಕಡೆಯವರೆಗೂ ದೊರೆಯಲಿಲ್ಲ.

1900ರಲ್ಲಿ ಬಿನೆ ಸೂಚನಾವಶತೆಯನ್ನು ಕುರಿತು ಒಂದು ಗ್ರಂಥವನ್ನು ಬರೆದನು. ಕೇಳುವವರ ಮಾತು ಉತ್ತರವನ್ನು ಹೇಗೆ ಬಾಗಿಸುತ್ತದೆ ಎಂಬುದೇ ಅದರ ವಿಷಯ. ರಟ್ಟಿನ ಮೇಲೆ ಒಂದು ಗುಂಡಿಯನ್ನು ಅಂಟಿಸಿ ಮಕ್ಕಳಿಗೆ ತೋರಿಸಿ, ಬಳಿಕ ಅದನ್ನು ಮರೆಮಾಡಿ, ಗುಂಡಿಯನ್ನು ಹೊಲಿದಿದ್ದ ದಾರ ಹೇಗಿತ್ತೆಂಬ ಧಾಟಿಯಲ್ಲಿ ಕೇಳಿದರೆ, ಇಲ್ಲದ ದಾರವನ್ನು ಅನೇಕ ಮಕ್ಕಳು ಕಂಡಿದ್ದರು. ಕಂಡದ್ದನ್ನು ನೀನೇ ಬರೆ ಎಂದಾಗ ಉತ್ತರಗಳು ಹೆಚ್ಚು ಸರಿಯಾಗಿದ್ದವು. ಸಾಲ್‌ಪೆತ್ರಿಯೇರಿನಲ್ಲಿ ತಾನು ಬಿದ್ದ ಹಳ್ಳದ ಆಳವನ್ನು ಬಿನೆ ಹೀಗೆ ತಾನೇ ಅಳೆದನು.

ಇದನ್ನು ಓದಿದಾಗ ನಾನು ಪುಸ್ತಕವನ್ನು ಮುಚ್ಚಿಟ್ಟು ಸ್ವಲ್ಪ ಹೊತ್ತು ಕುಳಿತೆ. ನನಗೊಬ್ಬಳು ತಂಗಿಯಿದ್ದಾಳೆ. ಅವಳಿಗೆ ಎರಡು ವರ್ಷವಾಗಿದ್ದಾಗ ಒಂದು ತಪಾಸಣೆಯಲ್ಲಿ ನಮ್ಮ ತಾಯಿಯನ್ನು ಅವಸರದಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ಮಗು ಚೆನ್ನಾಗಿದೆ ತಾನೆ, ಏನೂ ತೊಂದರೆ ಇಲ್ಲ ತಾನೆ ಎಂದು. ಹಿಂದೆ ಸಾಲು ನಿಂತಿತ್ತು. ತಾಯಿ ತಲೆಯಾಡಿಸಿದರು. ಹಾಗೆ ಕೇಳಿದರೆ ಯಾವ ತಾಯಿ ತಾನೇ ಇಲ್ಲವೆಂದಾಳು? ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆಯನ್ನು ಹೇಳಿ ತಾಯಿಯನ್ನು ದೂರುವುದು ಸುಲಭ. ಆದರೆ ಅಲ್ಲಿ ದಾರವನ್ನು ತೋರಿಸಿದ್ದು ಪ್ರಶ್ನೆ. ಬೆನ್ನ ಹಿಂದಿನಿಂದ ಹೆಸರು ಹಿಡಿದು ಕರೆದರೆ ತಿರುಗುತ್ತಾಳೆಯೇ, ಕೈಸನ್ನೆಯಿಲ್ಲದೆ ಹೇಳಿದ ಮಾತನ್ನು ತಿಳಿಯುತ್ತಾಳೆಯೇ ಎಂದು ಬಿಡಿಬಿಡಿಯಾಗಿ ಕೇಳಿದ್ದರೆ ತಾಯಿಗೆ ಉತ್ತರ ಗೊತ್ತಿತ್ತು. ತಂಗಿಗೆ ಕಿವಿ ಮಂದವೆಂಬುದು ತಿಳಿದದ್ದು ಅವಳ ನಾಲ್ಕನೆಯ ವರ್ಷದಲ್ಲಿ. ಮಾತು ಬೇರೂರುವ ಎರಡು ವರ್ಷಗಳು ಹಾಗೆಯೇ ಕಳೆದುಹೋದವು.

ಮತ್ತೆ ಬಿನೆಯ ಕಡೆಗೆ ಬರೋಣ. ಫ್ರಾನ್ಸಿನಲ್ಲಿ 1882ರಲ್ಲಿ ಪ್ರಾಥಮಿಕ ಶಿಕ್ಷಣವು ಕಡ್ಡಾಯವಾಯಿತು. ಅಲ್ಲಿಯವರೆಗೆ ಶಾಲೆಯ ಮೆಟ್ಟಿಲನ್ನೇ ಹತ್ತದಿದ್ದ ಮಕ್ಕಳು ತರಗತಿಗೆ ಬಂದರು. ಪಾಠವನ್ನು ಹಿಡಿಯಲಾರದವರೂ ಬಂದರು. ಇವರನ್ನು ಗುರುತಿಸಿ ಸಹಾಯ ಮಾಡುವ ಬಗೆಯನ್ನು ಕುರಿತು 1904ರಲ್ಲಿ ಸರಕಾರವು ಒಂದು ಸಮಿತಿಯನ್ನು ನೇಮಿಸಿತು. ಬಿನೆ ಅದರ ಸದಸ್ಯ. ಆಗಿನ ಸ್ಥಿತಿ ಹೇಗಿತ್ತೆಂದರೆ, ಒಂದೇ ಮಗುವಿಗೆ ಒಬ್ಬ ವೈದ್ಯನು ಒಂದು ಹೆಸರನ್ನು ಕೊಟ್ಟರೆ ಮತ್ತೊಬ್ಬನು ಇನ್ನೊಂದನ್ನು ಕೊಡುತ್ತಿದ್ದನು. ಕೀಟಲೆಯ ಹುಡುಗನನ್ನು ಮಂದಮತಿಯೆಂದು ಹೊರದೂಡುವ ಉಪಾಧ್ಯಾಯರೂ ಇರಬಹುದಾಗಿತ್ತು. ಹೊರಗೆ ಹಾಕಲ್ಪಡುವ ಮಗುವಿಗೆ ನ್ಯಾಯ ಸಿಗಬೇಕಾದರೆ ಎಲ್ಲರಿಗೂ ಒಂದೇ ಆದ ಅಳತೆಗೋಲು ಬೇಕೆಂದು ಬಿನೆ ಕಂಡುಕೊಂಡನು.

ಯುವ ವೈದ್ಯ ತೆಯೊದೊರ್ ಸಿಮೋನನೊಡನೆ ಅವನು 1905ರಲ್ಲಿ 30 ಅಂಶಗಳ ಮಾಪಕವನ್ನು ರಚಿಸಿದನು. ಉರಿಯುವ ಕಡ್ಡಿಯನ್ನು ಕಣ್ಣು ಹಿಂಬಾಲಿಸುವುದೇ ಎಂಬುದರಿಂದ ಅದು ಮೊದಲಾಗಿ, ಮೆಲ್ಲಮೆಲ್ಲನೆ ಕಠಿಣವಾಗುತ್ತ ಹೋಗುತ್ತದೆ. 1908ರಲ್ಲಿ ಇದನ್ನು ತಿದ್ದಿ, 3ರಿಂದ 13 ವರ್ಷದವರೆಗೆ ಆಯಾ ವಯಸ್ಸಿನ ಹೆಚ್ಚಿನ ಮಕ್ಕಳು ಮಾಡಬಲ್ಲ ಕೆಲಸಗಳನ್ನು ವಯಸ್ಸಿನ ಪ್ರಕಾರ ಜೋಡಿಸಿದನು. ಮೂರು ವರ್ಷದ ಮಗು ಮೂಗು, ಕಣ್ಣು, ಬಾಯಿಗಳನ್ನು ತೋರಿಸಬೇಕು. ಚಿತ್ರದಲ್ಲಿರುವ ವಸ್ತುಗಳನ್ನು ಹೆಸರಿಸಬೇಕು. ಐದರ ಮಗು ನಾಲ್ಕು ಕಾಸುಗಳನ್ನು ಎಣಿಸಬೇಕು. ಚೌಕವನ್ನು ನೋಡಿ ಬರೆಯಬೇಕು. ಇವುಗಳಲ್ಲಿ ಯಾವುದೂ ವಿದ್ವತ್ತಿನ ವಿಷಯವಲ್ಲ. ಬದುಕಿನಲ್ಲಿ ದಿನವೂ ಕಾಣುವ ಸಣ್ಣ ಕೆಲಸಗಳನ್ನು ಕ್ರಮವಾಗಿ ಕೇಳಿದರೆ, ಬೆಳವಣಿಗೆ ಎಲ್ಲಿ ನಿಂತಿದೆಯೆಂಬುದು ತಿಳಿಯುತ್ತದೆ ಎಂಬುದು ಅವನ ಉಪಾಯ.

ಆದರೆ ತನ್ನ ಕೋಲಿನ ಮಿತಿಯನ್ನು ಬಿನೆಯಷ್ಟು ಬಲ್ಲವರು ಬೇರೊಬ್ಬರಿರಲಿಲ್ಲ. ಬೆಲ್ಜಿಯಂ ದೇಶದಲ್ಲಿ ಅನುಕೂಲಸ್ಥರ ಮಕ್ಕಳ ಶಾಲೆಯೊಂದರಲ್ಲಿ ಈ ಮಾಪಕವನ್ನು ಬಳಸಿದಾಗ, ಅಲ್ಲಿನ ಮಕ್ಕಳು ಪ್ಯಾರಿಸ್ಸಿನ ಬಡಕೇರಿಯ ಮಕ್ಕಳಿಗಿಂತ ಮುಂದಿದ್ದುದು ಕಂಡುಬಂತು. ಮಾತಿಗೆ ಸಂಬಂಧಿಸಿದ ಪ್ರಶ್ನೆಗಳಲ್ಲಿ ಇದು ಹೆಚ್ಚು. ಮನೆಯ ಸ್ಥಿತಿಯೂ ಉತ್ತರದೊಳಗೆ ಸೇರಿರುತ್ತದೆಂದು ಬಿನೆ ಒಪ್ಪಿದನು. 1909ರಲ್ಲಿ ಬರೆದ ಗ್ರಂಥದಲ್ಲಿ, ಬುದ್ಧಿಯು ಹುಟ್ಟಿನಿಂದಲೇ ನಿಗದಿಯಾದ ಮೊತ್ತ, ಅದನ್ನು ಹೆಚ್ಚಿಸಲಾಗದು ಎಂಬ ನಿರಾಶಾವಾದವನ್ನು ಅವನು ಬಲವಾಗಿ ಖಂಡಿಸಿದನು. ಅದೇ ವರ್ಷ ಫ್ರಾನ್ಸಿನಲ್ಲಿ ಹಿಂದುಳಿದ ಮಕ್ಕಳಿಗಾಗಿ ವಿಶೇಷ ತರಗತಿಗಳನ್ನು ತೆರೆಯುವ ಕಾನೂನು ಬಂದಿತು. ಪಾಠಕ್ಕೆ ಮುಂಚೆ ಗಮನವನ್ನೂ ತಾಳ್ಮೆಯನ್ನೂ ಬೆಳೆಸಲು ಮಕ್ಕಳನ್ನು ಬೊಂಬೆಗಳಂತೆ ಅಲುಗಾಡದೆ ನಿಲ್ಲಿಸುವ ಆಟವನ್ನು ಅಲ್ಲಿ ಆಡಿಸುತ್ತಿದ್ದರು. ಬೆಳೆಯುವ ಸಿರಿ ಮೊಳಕೆಯಲ್ಲೇ ಕಾಣುತ್ತದೆಂದು ನಮ್ಮವರು ಹೇಳುವುದುಂಟು. ಮೊಳಕೆ ಬಾಡಿದ್ದರೆ ನೀರು ಹಾಯಿಸಬೇಕು ಎಂಬುದು ಬಿನೆಯ ಮತ.

1911ರಲ್ಲಿ ಮಾಪಕವನ್ನು ಇನ್ನೊಮ್ಮೆ ತಿದ್ದಿ, ಅದೇ ವರ್ಷದ ಅಕ್ಟೋಬರ್ 18ರಂದು ಬಿನೆ ತೀರಿಕೊಂಡನು. ಆಗ ಅವನಿಗೆ 54 ವರ್ಷ.

ಅವನ ತರುವಾಯ ಕೋಲು ಉಳಿಯಿತು, ಎಚ್ಚರಿಕೆ ಹೋಯಿತು. 1912ರಲ್ಲಿ ಜರ್ಮನಿಯ ಸ್ಟರ್ನ್ ಮಾನಸಿಕ ವಯಸ್ಸನ್ನು ನಿಜವಯಸ್ಸಿನಿಂದ ಭಾಗಿಸಿ ಒಂದೇ ಅಂಕಿಯನ್ನು ಮಾಡಿದನು. ಅಮೆರಿಕದಲ್ಲಿ ಗಾಡರ್ಡ್ ಎಂಬಾತನು ಮಾಪಕವನ್ನು ಇಂಗ್ಲಿಷಿಗೆ ತಂದು, ನ್ಯೂಯಾರ್ಕ್ ಬಂದರಿನ ಎಲಿಸ್ ದ್ವೀಪದಲ್ಲಿ ಹಡಗಿನಿಂದ ಆಗತಾನೇ ಇಳಿದ ವಲಸೆಗಾರರ ಮೇಲೆ ದುಭಾಷಿಗಳ ಮೂಲಕ ಪ್ರಯೋಗಿಸಿ, ಬಹುಪಾಲು ಜನರನ್ನು ಮಂದಬುದ್ಧಿಯವರೆಂದು ಬರೆದನು. ಭಾಷೆ ಬಾರದವನಿಗೆ ಬುದ್ಧಿಯಿಲ್ಲವೆಂದು ತೀರ್ಮಾನಿಸಿದ ಈ ಪ್ರಸಂಗವನ್ನು ಅನುವಾದದ ಕೆಲಸಕ್ಕೆ ಕೈಹಾಕುವವರು ಮರೆಯಬಾರದು. 1916ರಲ್ಲಿ ಸ್ಟ್ಯಾನ್‌ಫರ್ಡಿನ ಟರ್ಮನ್ ಹೊರತಂದ ಆವೃತ್ತಿಯು ಲೋಕವನ್ನೆಲ್ಲ ಸುತ್ತಿತು.

ಅದು ಕನ್ನಡಕ್ಕೂ ಬಂದಿತೆಂಬುದು ನಮಗೆ ಅಭಿಮಾನದ ಸಂಗತಿ. ಧಾರವಾಡದಲ್ಲಿ ವಿ. ವಿ. ಕಾಮತ್ ಅವರು 1930ರ ದಶಕದಲ್ಲಿ ಕನ್ನಡ ಹಾಗೂ ಮರಾಠಿ ಮಾತಾಡುವ ಮಕ್ಕಳಿಗೆ ಆ ಮಾಪಕವನ್ನು ಒಗ್ಗಿಸಿ, 1940ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದರು. ಆಗ ಧಾರವಾಡವು ಮುಂಬಯಿ ಪ್ರಾಂತಕ್ಕೂ ನಮ್ಮ ಬಳ್ಳಾರಿಯು ಮದರಾಸು ಪ್ರಾಂತಕ್ಕೂ ಸೇರಿದ್ದವು. ನಾಡು ಒಂದಾಗುವ ಮುನ್ನವೇ ಕನ್ನಡದ ಮಗುವಿಗೆ ಕನ್ನಡದಲ್ಲಿಯೇ ಪ್ರಶ್ನೆ ಕೇಳಬೇಕೆಂದು ಕಾಮತರು ಶ್ರಮಿಸಿದರು. ಬಿನೆ–ಕಾಮತ್ ಪರೀಕ್ಷೆ ಎಂಬ ಹೆಸರು ಇಂದಿಗೂ ಭಾರತದ ಮನಶ್ಶಾಸ್ತ್ರಜ್ಞರ ಬಾಯಲ್ಲಿದೆ.

ಬಿನೆಯ ಪ್ರಶ್ನೆಗಳು ಮಗುವಿಗೆ. ಆದರೆ ಎಂಟು ತಿಂಗಳ ಕೂಸನ್ನು ಏನೆಂದು ಕೇಳುವುದು? ಅಮೆರಿಕದ ಯೇಲ್ ವಿದ್ಯಾಪೀಠದಲ್ಲಿ ಗೆಸೆಲ್ ಎಂಬ ವಿದ್ವಾಂಸನು ಹಸುಗೂಸುಗಳನ್ನು ವರ್ಷಗಟ್ಟಲೆ ಗಮನಿಸಿ ಯಾವ ತಿಂಗಳಿಗೆ ಯಾವ ಸಾಮರ್ಥ್ಯವೆಂದು ಪಟ್ಟಿಮಾಡಿದನು. 1967ರಲ್ಲಿ ಡೆನ್ವರ್ ನಗರದ ವೈದ್ಯರು ಬೇಗನೆ ಮಾಡಬಹುದಾದ ಒಂದು ತಪಾಸಣೆಯನ್ನು ರೂಪಿಸಿದರು. ಮುಂದೆ ಆರೆಗನ್ ವಿದ್ಯಾಪೀಠದ ಬ್ರಿಕರ್, ಸ್ಕ್ವೈರ್ಸ್ ಮೊದಲಾದವರು ತಂದೆತಾಯಿಗಳನ್ನೇ ಕೇಳುವ ಏಜಸ್ ಅಂಡ್ ಸ್ಟೇಜಸ್ ಎಂಬ ಪ್ರಶ್ನಾವಳಿಯನ್ನು 1995ರಲ್ಲಿ ಪ್ರಕಟಿಸಿದರು. ಅದರಲ್ಲಿ ಪ್ರತಿ ವಯಸ್ಸಿಗೂ ಮಾತು, ನಡೆದಾಟ, ಬೆರಳಿನ ಕೆಲಸ, ಸಮಸ್ಯೆ ಬಿಡಿಸುವುದು, ಜನರೊಡನೆ ಬೆರೆಯುವುದು ಎಂಬ ಐದು ವಿಭಾಗಗಳು. ಒಂದೊಂದರಲ್ಲಿ ಆರು ಪ್ರಶ್ನೆಗಳು. ಹೌದು ಎಂದರೆ 10, ಒಮ್ಮೊಮ್ಮೆ ಎಂದರೆ 5, ಇನ್ನೂ ಇಲ್ಲ ಎಂದರೆ ಸೊನ್ನೆ. ಮೊತ್ತವು ಗೊತ್ತಾದ ಮಟ್ಟಕ್ಕಿಂತ ಕೆಳಗಿದ್ದರೆ ಮಗುವಿಗೆ ದೋಷವಿದೆಯೆಂದಲ್ಲ. ತಜ್ಞರು ಕೂಲಂಕಷವಾಗಿ ನೋಡಬೇಕೆಂದು ಅರ್ಥ. ಜರಡಿಯ ಕೆಲಸವು ಬೇರ್ಪಡಿಸುವುದಷ್ಟೇ, ಬೆಲೆ ಕಟ್ಟುವುದಲ್ಲ. ನಮ್ಮ ದೇಶದಲ್ಲಿಯೂ 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು ಜನ್ಮದೋಷ, ಕೊರತೆ, ಕಾಯಿಲೆಗಳೊಂದಿಗೆ ಬೆಳವಣಿಗೆಯ ವಿಳಂಬವನ್ನೂ ಸೇರಿಸಿಕೊಂಡು, ಅಂಗನವಾಡಿಯ ಮಕ್ಕಳನ್ನು ವರ್ಷಕ್ಕೆ ಎರಡು ಬಾರಿಯಾದರೂ ನೋಡಬೇಕೆಂದು ವಿಧಿಸಿದೆ.

ಇನ್ನು ನಮ್ಮ ಅನುವಾದದ ಅನುಭವ. ಮೊದಲ ಕರಡನ್ನು ನಾವು ನಿಘಂಟಿನ ಸಹಾಯದಿಂದ ಅಚ್ಚುಕಟ್ಟಾಗಿ ಬರೆದೆವು. ಇಂಗ್ಲಿಷ್ ಮೂಲವನ್ನು ನೋಡದ ಮತ್ತೊಬ್ಬ ಅಧ್ಯಾಪಕರು ಅದನ್ನು ತಿರುಗಿ ಇಂಗ್ಲಿಷಿಗೆ ತಂದರು; ಹೋಲಿಸಿದಾಗ ಎಷ್ಟೋ ಪ್ರಶ್ನೆಗಳು ದಾರಿತಪ್ಪಿದ್ದವು. ತಿದ್ದಿಕೊಂಡು ಊರುಗಳಿಗೆ ಹೋದೆವು. ಕುರುಗೋಡಿನ ಬಳಿಯ ಒಂದು ಮನೆಯಲ್ಲಿ, ಕಂಬಿ ಹಿಡಿದು ಮೆಟ್ಟಿಲು ಹತ್ತುವುದೇ ಎಂದು ಓದಿದೆ. ಆ ತಾಯಿ ನಕ್ಕಳು. ಆ ಮನೆಗೆ ಮೆಟ್ಟಿಲೇ ಇರಲಿಲ್ಲ. ಇನ್ನೂ ಇಲ್ಲ ಎಂದು ಗುರುತು ಹಾಕಿದ್ದರೆ ಮಗುವಿನ ಕಾಲಿಗೆ ಅನ್ಯಾಯವಾಗುತ್ತಿತ್ತು. ಗೋಡೆ ಹಿಡಿದು ಎತ್ತರದ ಕಟ್ಟೆಯನ್ನು ಹತ್ತುತ್ತದೆಯೇ ಎಂದಾಗ ಸರಿಯಾದ ಉತ್ತರ ಬಂದಿತು. ಹೆಬ್ಬೆರಳು ತೋರುಬೆರಳುಗಳಿಂದ ಸಣ್ಣ ವಸ್ತುವನ್ನು ಎತ್ತುವುದನ್ನು ಕೇಳಲು ಮಂಡಕ್ಕಿಯ ಕಾಳು ನಮಗೆ ಒದಗಿತು. ಬಳ್ಳಾರಿ ಸೀಮೆಯಲ್ಲಿ ಅದಿಲ್ಲದ ಮನೆಯುಂಟೇ?

ಸಿರುಗುಪ್ಪವು ಆಂಧ್ರದ ಗಡಿಗೆ ಹತ್ತಿರ. ಅಲ್ಲಿನ ಒಂದು ಮನೆಯಲ್ಲಿ ಮಗುವು ಅಜ್ಜಿಯೊಡನೆ ತೆಲುಗನ್ನೂ ತಾಯಿಯೊಡನೆ ಕನ್ನಡವನ್ನೂ ಆಡುತ್ತಿತ್ತು. ಕನ್ನಡದ ಮಾತುಗಳನ್ನಷ್ಟೇ ಎಣಿಸಿದರೆ ಲೆಕ್ಕ ಅರ್ಧವಾಗುತ್ತದೆ, ಎರಡನ್ನೂ ಕೂಡಿಸಬೇಕು. ಕೌಲ್ ಬಜಾರಿನಲ್ಲಿ ಉರ್ದುವಿಗೂ ಇದೇ ಮಾತು. ಎರಡು ಶಬ್ದಗಳನ್ನು ಕೂಡಿಸಿ ಆಡುತ್ತದೆಯೇ ಎಂಬ ಪ್ರಶ್ನೆಯಲ್ಲಿ ಇನ್ನೊಂದು ತೊಡಕು. ಬಂದಳು ಎಂಬ ಒಂದೇ ಮಾತಿನಲ್ಲಿ ನಮ್ಮ ಭಾಷೆಯು ಬಂದವರು ಹೆಣ್ಣೆಂಬುದನ್ನೂ ಹೇಳಿಬಿಡುತ್ತದೆ. ಇಂಗ್ಲಿಷಿಗೆ ಅದಕ್ಕೆ ಎರಡು ಶಬ್ದ ಬೇಕು. ಉದಾಹರಣೆಗಳನ್ನು ಅನುವಾದಿಸದೆ ಹೊಸದಾಗಿ ಆರಿಸಬೇಕಾಯಿತು. ನಡೆಯುವುದಿಲ್ಲವೇ ಎಂದು ನಿಷೇಧದಲ್ಲಿ ಕೇಳಿದರೆ, ಹೌದು ಎಂಬ ಉತ್ತರಕ್ಕೆ ನಡೆಯುತ್ತದೆ ಎಂದೂ ಅರ್ಥ, ಇಲ್ಲ ಎಂದೂ ಅರ್ಥ. ಅಂಥ ಪ್ರಶ್ನೆಗಳನ್ನೆಲ್ಲ ತೆಗೆದುಹಾಕಿದೆವು. ವಯಸ್ಸನ್ನು ಕೇಳಿದರೆ ಜಾತ್ರೆಯ ಆಚೀಚೆ ಎನ್ನುತ್ತಿದ್ದರು. ತಾಯಿ ಕಾರ್ಡನ್ನು ತರಿಸಿ ಹುಟ್ಟಿದ ದಿನವನ್ನು ನೋಡಬೇಕಾಗುತ್ತಿತ್ತು. ತಿಂಗಳು ತುಂಬುವ ಮುನ್ನ ಹುಟ್ಟಿದ ಕೂಸಾದರೆ ಎರಡು ವರ್ಷದವರೆಗೆ ಆ ವಾರಗಳನ್ನು ಕಳೆಯಬೇಕು.

ಎಲ್ಲಕ್ಕಿಂತ ಹೆಚ್ಚು ಚರ್ಚೆಯಾದದ್ದು ಮೂರನೆಯ ಉತ್ತರವನ್ನು ಕುರಿತು. ನಮ್ಮ ಮೊದಲ ಕರಡಿನಲ್ಲಿ ಹೌದು, ಒಮ್ಮೊಮ್ಮೆ, ಇಲ್ಲ ಎಂದಿತ್ತು. ಇಲ್ಲ ಎನ್ನಲು ತಾಯಂದಿರು ಹಿಂದೆಗೆಯುತ್ತಿದ್ದರು. ಅತ್ತೆ ಪಕ್ಕದಲ್ಲಿ ಕುಳಿತಿದ್ದರಂತೂ ಎಲ್ಲಕ್ಕೂ ಹೌದು. ಮೂಲದಲ್ಲಿದ್ದಂತೆ ಇನ್ನೂ ಇಲ್ಲ ಎಂದು ತಿದ್ದಿದ ಮೇಲೆ ಬಾಯಿ ಬಿಚ್ಚಿದರು. ಇಲ್ಲ ಎಂಬುದು ತೀರ್ಪು. ಇನ್ನೂ ಇಲ್ಲ ಎಂಬುದು ಸುದ್ದಿ. ಬಿನೆ 1909ರಲ್ಲಿ ವಾದಿಸಿದ್ದು ಇಷ್ಟನ್ನೇ ಅಲ್ಲವೇ ಎಂದು ನನಗೆ ಹೊಳೆದದ್ದು ಆಗ. ಅವನ ಮಾಪಕವನ್ನು ಹೊತ್ತೊಯ್ದವರು ಅದನ್ನು ಇಲ್ಲ ಎಂದು ಓದಿದರು. ಅವನು ಇನ್ನೂ ಇಲ್ಲ ಎಂದು ಬರೆದಿದ್ದನು.

ತಂಗಿಗೆ ಈಗ ಹನ್ನೊಂದು ವರ್ಷ. ಕಿವಿಗೆ ಯಂತ್ರವನ್ನು ಹಾಕಿಕೊಂಡು ಶಾಲೆಗೆ ಹೋಗುತ್ತಾಳೆ. ಕೆಲವು ಅಕ್ಷರಗಳು ಅವಳ ನಾಲಗೆಗೆ ಒಗ್ಗುವುದಿಲ್ಲ. ಅವಸರದ ಮಾತು ಅವಳಿಗೆ ತಿಳಿಯುವುದಿಲ್ಲ. ಕಳೆದ ಎರಡು ವರ್ಷಗಳನ್ನು ಯಾರೂ ಹಿಂದಕ್ಕೆ ತರಲಾರರು. ನಮ್ಮ ಪ್ರಶ್ನಾವಳಿಯನ್ನು ಮನೆಯಲ್ಲಿ ಓದುತ್ತಿದ್ದಾಗ ತಾಯಿ ಒಲೆಯ ಮುಂದಿನಿಂದಲೇ ಕೇಳಿಸಿಕೊಂಡರು. ಹಿಂದಿನಿಂದ ಕರೆದರೆ ತಿರುಗುವುದೇ ಎಂಬ ಪ್ರಶ್ನೆ ಬಂದಾಗ ಎದ್ದು ಬಂದು, ಅದನ್ನು ಇನ್ನೊಮ್ಮೆ ಓದಲು ಹೇಳಿದರು. ಓದಿದೆ. ಅವರು ಏನನ್ನೂ ಹೇಳದೆ ಒಳಗೆ ಹೋದರು.

ನಮ್ಮಲ್ಲಿ ಹಲವರು ಮುಂದೆ ಉಪಾಧ್ಯಾಯರಾಗುವವರು, ಆರೋಗ್ಯ ಇಲಾಖೆಯನ್ನೋ ಅಂಗನವಾಡಿಯ ಮೇಲ್ವಿಚಾರಣೆಯನ್ನೋ ಸೇರುವವರು, ಎಲ್ಲಕ್ಕಿಂತ ಮಿಗಿಲಾಗಿ ತಂದೆತಾಯಿಗಳಾಗುವವರು. ಮಗುವನ್ನು ಕುರಿತು ಯಾರನ್ನಾದರೂ ಕೇಳಬೇಕಾಗಿ ಬಂದಾಗ ಒಂದೊಂದಾಗಿ, ನಿಧಾನವಾಗಿ, ಅವರ ಮನೆಯ ಮಾತಿನಲ್ಲಿ ಕೇಳೋಣ; ಉತ್ತರವನ್ನು ನಾವೇ ಬಾಯಿಗೆ ಇಡದಿರೋಣ. ಆಲ್ಫ್ರೆಡ್ ಬಿನೆಯ ಜೀವನದಿಂದ ನಾನು ಕಲಿತದ್ದು ಇಷ್ಟು.